ನೆನಪು ನೆಲೆಗೊಳ್ಳುವ ಬಗೆ

(ಟಾಲಿಗಂಜ್‌ನಲ್ಲಿ ಕನ್ನಡ ಕುಟುಂಬಗಳ ಕೂಟವೊಂದರಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವ ಸಮೀಪಿಸಿತೆಂದರೆ ನಮ್ಮ ಮನೆಗಳಲ್ಲಿ ಬಾಯಿಪಾಠದ ಗದ್ದಲ ಏಳುತ್ತದೆ. ಕನ್ನಡ ಪದ್ಯವೊಂದನ್ನು ಒಬ್ಬ ಹುಡುಗ ಬಂಗಾಳಿ ಅಕ್ಷರದಲ್ಲಿ ಬರೆದುಕೊಳ್ಳುತ್ತಾನೆ, ಇನ್ನೊಬ್ಬಳು ಇಂಗ್ಲಿಷ್ ಅಕ್ಷರದಲ್ಲಿ. ಎರಡು ವಾರ ಉರುಹೊಡೆದು, ವೇದಿಕೆಯ ಮೇಲೆ ತಡವರಿಸದೆ ಒಪ್ಪಿಸಿ, ಚಪ್ಪಾಳೆ ಗಿಟ್ಟಿಸಿಕೊಂಡು ಇಳಿಯುತ್ತಾರೆ. ಸಂಕ್ರಾಂತಿಯ ಎಳ್ಳು ಬೀರುವ ಹೊತ್ತಿಗೆ ಕೇಳಿದರೆ ಮೊದಲ ಎರಡು ಸಾಲು ಉಳಿದಿದ್ದರೆ ಪುಣ್ಯ. ಆದರೆ ಅದೇ ಮಕ್ಕಳು ಪಾಡಾದ ಗೆಳೆಯರಿಂದ ಕಲಿತ ಬಂಗಾಳಿಯನ್ನು, ಯಾರೂ ಉರುಹೊಡೆಸದೆಯೇ, ನೀರು ಕುಡಿದಷ್ಟು ಸುಲಭವಾಗಿ ಆಡುತ್ತಾರೆ. ಮನೆಯಲ್ಲಿ ನಾವು ಕನ್ನಡದಲ್ಲಿ ಕೇಳಿದರೆ ಅವರ ಉತ್ತರ ಬಂಗಾಳಿಯಲ್ಲೋ ಹಿಂದಿಯಲ್ಲೋ ಬರುತ್ತದೆ.

ಇದೇಕೆ ಹೀಗೆ? ಮಕ್ಕಳನ್ನು ದೂರಿ ಫಲವಿಲ್ಲ. ತಂದೆತಾಯಿಗಳನ್ನು ದೂರಿಯೂ ಫಲವಿಲ್ಲ. ನೆನಪು ಎಂಬುದು ಮಿದುಳಿನಲ್ಲಿ ಹೇಗೆ ನೆಲೆಗೊಳ್ಳುತ್ತದೆ ಎಂಬುದನ್ನು ಅರಿತರೆ ಉತ್ತರದ ಒಂದು ಭಾಗವಾದರೂ ದೊರೆಯುತ್ತದೆ. ಆದ್ದರಿಂದ ಇಂದು ಈ ವಿಷಯವನ್ನು ತಮ್ಮ ಮುಂದಿಡಲು ಬಂದಿದ್ದೇವೆ.

ನೆನಪೆಂದರೆ ಕಣಜದಲ್ಲಿ ಕಾಳು ತುಂಬಿಟ್ಟಂತೆ, ಬೇಕಾದಾಗ ಬಾಗಿಲು ತೆರೆದು ತೆಗೆದುಕೊಳ್ಳಬಹುದು ಎಂದು ನಾವು ಸಾಮಾನ್ಯವಾಗಿ ಎಣಿಸಿರುತ್ತೇವೆ. ಮಿದುಳಿನೊಳಗೆ ಅಂಥ ಕಣಜವಿಲ್ಲ. ಅಲ್ಲಿರುವುದು ಸುಮಾರು ೮,೬೦೦ ಕೋಟಿ ನರಕೋಶಗಳು. ಒಂದೊಂದು ನರಕೋಶವೂ ತನ್ನ ಎಳೆಗಳನ್ನು ಚಾಚಿ, ಬಹುಮಟ್ಟಿಗೆ ಸಾವಿರಾರು ಇತರ ಕೋಶಗಳೊಡನೆ ವ್ಯವಹಾರ ಇಟ್ಟುಕೊಂಡಿದೆ. ಎಳೆಯಲ್ಲಿ ವಾರ್ತೆ ಸಾಗುವುದು ವಿದ್ಯುತ್ ಸ್ಪಂದದ ರೂಪದಲ್ಲಿ. ಜೀವಿಗಳ ಒಡಲಲ್ಲಿ ವಿದ್ಯುತ್ತು ಹರಿಯುವ ಮಾತು ಈ ಊರಿಗೆ ಹೊಸದೇನಲ್ಲ. ಮುಟ್ಟಿದರೆ ಮುನಿ ಗಿಡದೊಳಗೆ ವಿದ್ಯುತ್ ಸ್ಪಂದ ಸಾಗುವುದನ್ನು ಸೂಕ್ಷ್ಮ ಯಂತ್ರಗಳಿಂದ ಅಳೆದು ತೋರಿಸಿದವರು ಜಗದೀಶಚಂದ್ರ ಬಸು. ೧೯೧೭ರಲ್ಲಿ ಅವರು ಸ್ಥಾಪಿಸಿದ ವಿಜ್ಞಾನ ಮಂದಿರ ಇಂದಿಗೂ ಕಲ್ಕತ್ತೆಯಲ್ಲಿ ಕೆಲಸ ಮಾಡುತ್ತಿದೆ.

ನರಕೋಶಗಳು ಒಂದಕ್ಕೊಂದು ಅಂಟಿಕೊಂಡಿಲ್ಲ, ಪ್ರತಿಯೊಂದೂ ಬೇರೆಬೇರೆ ಎಂದು ಸಾಧಿಸಿದವರು ಸ್ಪೇನ್ ದೇಶದ ರಾಮೋನ್ ಇ ಕಹಾಲ್. ಕಲಿಕೆಯೆಂದರೆ ಹೊಸ ಕೋಶಗಳು ಹುಟ್ಟುವುದಲ್ಲ, ಇರುವ ಕೋಶಗಳ ನಡುವಣ ಸಂಬಂಧ ಬಲಿಯುವುದು ಎಂಬ ಊಹೆಯನ್ನೂ ಅವರು ೧೮೯೪ರಲ್ಲಿ ಲಂಡನ್ನಿನ ಉಪನ್ಯಾಸವೊಂದರಲ್ಲಿ ಮುಂದಿಟ್ಟರು. ಎರಡು ಕೋಶಗಳು ಎದುರುಬದುರಾಗುವ ಈ ಸಂಧಿಗೆ ೧೮೯೭ರಲ್ಲಿ ಇಂಗ್ಲೆಂಡಿನ ಷೆರಿಂಗ್ಟನ್ ‘ಸಿನಾಪ್ಸ್’ ಎಂದು ಹೆಸರಿಟ್ಟರು. ನಾವು ಅದನ್ನು ನರಸಂಧಿ ಎನ್ನೋಣ. ಅಲ್ಲಿರುವ ತೆರಪು ಬಹಳ ಕಿರಿದು. ಒಂದು ಮಿಲಿಮೀಟರನ್ನು ೫೦,೦೦೦ ಪಾಲು ಮಾಡಿದರೆ ಒಂದು ಪಾಲಿನಷ್ಟು. ವಿದ್ಯುತ್ ಸ್ಪಂದ ಈ ತೆರಪಿನ ದಡಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಆಚೆಗೆ ವಾರ್ತೆಯನ್ನು ದಾಟಿಸುವುದು ರಾಸಾಯನಿಕ ದ್ರವ್ಯದ ಕೆಲಸ.

ಇಷ್ಟು ತಿಳಿದ ಮೇಲೂ, ನೆನಪಿಗೂ ಮಿದುಳಿನ ಯಾವ ಭಾಗಕ್ಕೂ ಏನು ಸಂಬಂಧ ಎಂಬುದು ಬಹುಕಾಲ ಸ್ಪಷ್ಟವಾಗಿರಲಿಲ್ಲ. ಅದನ್ನು ಬೆಳಕಿಗೆ ತಂದದ್ದು ಒಬ್ಬ ರೋಗಿಯ ದುರ್ದೈವ. ಅಮೆರಿಕದ ಹೆನ್ರಿ ಮೊಲೈಸನ್ ಎಂಬ ೨೭ ವರ್ಷದ ತರುಣ ಮೂರ್ಛೆರೋಗದಿಂದ ನರಳುತ್ತಿದ್ದರು. ೧೯೫೩ರಲ್ಲಿ ವಿಲಿಯಂ ಸ್ಕೋವಿಲ್ ಎಂಬ ಶಸ್ತ್ರವೈದ್ಯರು ಅವರ ಮಿದುಳಿನ ಎರಡೂ ಪಾರ್ಶ್ವಗಳಿಂದ ಕಿವಿಯ ನೇರಕ್ಕೆ ಒಳಗಡೆ ಇರುವ ಒಂದು ಭಾಗವನ್ನು ತೆಗೆದುಹಾಕಿದರು. ಆ ಭಾಗದಲ್ಲಿ ಹಿಪ್ಪೊಕ್ಯಾಂಪಸ್ ಎಂಬ ಅಂಗದ ಬಹುಪಾಲು ಸೇರಿತ್ತು. ಅದರ ಬಾಗಿದ ಆಕಾರ ಕಡಲ್ಗುದುರೆಯನ್ನು ಹೋಲುವುದರಿಂದ ಗ್ರೀಕ್ ಭಾಷೆಯ ಆ ಹೆಸರು ಬಂದಿದೆ. ಮೂರ್ಛೆ ಬಹಳ ಕಡಿಮೆಯಾಯಿತು. ಆದರೆ ಅಂದಿನಿಂದ ಮೊಲೈಸನ್ನರ ಮನಸ್ಸಿನಲ್ಲಿ ಹೊಸ ಸಂಗತಿ ನಿಲ್ಲದಾಯಿತು. ಅವರನ್ನು ಪರೀಕ್ಷಿಸಿದ ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಕೊಠಡಿಯಿಂದ ಹೊರಹೋಗಿ ಮರಳಿ ಬಂದರೆ, ಅವರಿಗೆ ಆಕೆ ಹೊಸಬರು. ಬಾಲ್ಯದ ನೆನಪು ಉಳಿದಿತ್ತು, ಮಾತು ಉಳಿದಿತ್ತು, ಬುದ್ಧಿ ಉಳಿದಿತ್ತು. ಹೊಸದು ಮಾತ್ರ ನೆಲೆ ನಿಲ್ಲಲಿಲ್ಲ. ೧೯೫೩ರ ನಂತರ ಬಳಕೆಗೆ ಬಂದ ಪದಗಳ ಅರ್ಥವನ್ನು ಹಿಡಿದಿಡುವುದು ಸಹ ಅವರಿಗೆ ಬಲು ಕಷ್ಟವಾಯಿತು. ೨೦೦೮ರಲ್ಲಿ ತೀರಿಕೊಳ್ಳುವವರೆಗೂ ಅವರ ಸ್ಥಿತಿ ಹಾಗೆಯೇ ಇತ್ತು.

ಇದರಲ್ಲೊಂದು ವಿಶೇಷವಿದೆ. ಕನ್ನಡಿಯಲ್ಲಿ ನೋಡುತ್ತ ನಕ್ಷತ್ರದ ಚಿತ್ರ ಬರೆಯುವ ಕೆಲಸವನ್ನು ಮಿಲ್ನರ್ ಅವರಿಗೆ ಕೊಟ್ಟರು. ದಿನದಿಂದ ದಿನಕ್ಕೆ ಅವರ ಕೈ ಪಳಗಿತು. ಆದರೆ ಹಿಂದಿನ ದಿನ ಅದನ್ನು ಮಾಡಿದ್ದೆಂಬ ನೆನಪೇ ಅವರಿಗಿರಲಿಲ್ಲ! ಎಂದರೆ ನೆನಪಿನಲ್ಲಿ ಜಾತಿಗಳುಂಟು. ಸಂಗತಿ, ಹೆಸರು, ಹೊಸ ಶಬ್ದ ಇವು ನೆಲೆಗೊಳ್ಳಲು ಹಿಪ್ಪೊಕ್ಯಾಂಪಸ್ ಬೇಕು; ಕೈಯ ರೂಢಿಗೆ ಅದರ ಹಂಗು ಕಡಿಮೆ. ಭಾಷೆಯಲ್ಲಿ ವಾಕ್ಯ ಕಟ್ಟುವ ಧಾಟಿಯು ಈ ರೂಢಿಯ ಜಾತಿಗೆ ಸೇರಿದ್ದೆಂದು ಕೆಲವು ವಿದ್ವಾಂಸರ ಮತ. ಅದು ಹೇಗೇ ಇರಲಿ, ಮಗು ಕಲಿಯುವ ಪ್ರತಿ ಹೊಸ ಕನ್ನಡ ಶಬ್ದವೂ ಮೊದಲು ಈ ಕಡಲ್ಗುದುರೆಯ ಕೈಹಾಯ್ದು ಬರಬೇಕು.

ಹಾಗಾದರೆ ಅಲ್ಲಿ ಏನು ನಡೆಯುತ್ತದೆ? ಜೊತೆಜೊತೆಯಾಗಿ ಮತ್ತೆ ಮತ್ತೆ ಉದ್ರೇಕಗೊಳ್ಳುವ ಎರಡು ಕೋಶಗಳ ನಡುವಣ ಸಂಧಿ ಬಲಿಯಬೇಕು ಎಂದು ಕೆನಡಾದ ಡೊನಾಲ್ಡ್ ಹೆಬ್ ೧೯೪೯ರಲ್ಲಿ ತರ್ಕಿಸಿದ್ದರು. ಕಣ್ಣಾರೆ ಕಂಡ ಸಾಕ್ಷಿ ದೊರೆತದ್ದು ನಾರ್ವೆ ದೇಶದ ಓಸ್ಲೋ ನಗರದಲ್ಲಿ. ೧೯೬೬ರಲ್ಲಿ ಟೆರ್ಯೆ ಲೋಮೋ ಎಂಬ ತರುಣ ಇದರ ಮೊದಲ ಸುಳಿವನ್ನು ಕಂಡರು. ಅನಂತರ ಇಂಗ್ಲೆಂಡಿನ ಟಿಮ್ ಬ್ಲಿಸ್ ಜೊತೆಗೂಡಿ ಮಾಡಿದ ಪ್ರಯೋಗಗಳ ವರದಿ ೧೯೭೩ರಲ್ಲಿ ಪ್ರಕಟವಾಯಿತು. ಅರಿವಳಿಕೆ ಕೊಟ್ಟ ಮೊಲದ ಹಿಪ್ಪೊಕ್ಯಾಂಪಸ್ಸಿಗೆ ಹೋಗುವ ನರದ ಎಳೆಗಳನ್ನು ಅವರು ಕೆಲವು ಸೆಕೆಂಡುಗಳ ಕಾಲ ತೀವ್ರವಾಗಿ ವಿದ್ಯುತ್ತಿನಿಂದ ತಟ್ಟಿದರು. ಆಮೇಲೆ ಮೊದಲಿನಷ್ಟೇ ಮೆಲ್ಲನೆ ತಟ್ಟಿದರೂ ಆಚೆ ಕಡೆಯ ಕೋಶಗಳ ಉತ್ತರ ಮೊದಲಿಗಿಂತ ಹೆಚ್ಚಾಯಿತು. ಹೆಚ್ಚಿದ್ದು ಅರ್ಧ ಗಂಟೆಯಿಂದ ಹತ್ತು ಗಂಟೆಯವರೆಗೆ ಹೆಚ್ಚಿಯೇ ಉಳಿಯಿತು. ಕೆಲವು ಸೆಕೆಂಡಿನ ಅನುಭವ ಗಂಟೆಗಟ್ಟಲೆ ಗುರುತು ಬಿಟ್ಟಿತ್ತು! ಮುಂದೆ ಎಚ್ಚರವಿರುವ ಪ್ರಾಣಿಗಳಲ್ಲಿ ಈ ಬಲವರ್ಧನೆ ದಿನಗಟ್ಟಲೆ, ವಾರಗಟ್ಟಲೆ ಉಳಿಯುವುದೂ ಕಂಡುಬಂತು.

ಟಾಲಿಗಂಜ್‌ನಲ್ಲಿ ವಾಸಿಸುವ ನಮಗೆ ಇದನ್ನು ತಿಳಿಯಲು ಒಂದು ಹೋಲಿಕೆ ಬಾಗಿಲಲ್ಲೇ ಇದೆ. ಹಳೆಯ ಆದಿಗಂಗೆಯ ಪಾತ್ರ ನೀರಿನ ಓಟ ತಪ್ಪಿ ಹೂಳು ತುಂಬಿ ಮುಚ್ಚಿಹೋಗಿತ್ತು. ೧೭೭೦ರ ದಶಕದಲ್ಲಿ ಮೇಜರ್ ವಿಲಿಯಂ ಟಾಲಿ ಅದನ್ನು ತೋಡಿಸಿ ದೋಣಿಗಳು ಓಡಾಡುವಂತೆ ಮಾಡಿದ. ನಾಲೆಗೂ ನಮ್ಮ ಬಡಾವಣೆಗೂ ಅವನ ಹೆಸರೇ ನಿಂತಿತು. ಓಡಾಟ ಕಡಿಮೆಯಾದ ಮೇಲೆ ಮತ್ತೆ ಹೂಳು ತುಂಬಿತು; ಈಗ ಅದರ ಪಾತ್ರದಲ್ಲಿ ಮೆಟ್ರೋ ರೈಲಿನ ಕಂಬಗಳು ನಿಂತಿವೆ. ನರಸಂಧಿಯೂ ಹಾಗೆಯೇ: ಬಳಸಿದರೆ ಬಲಿಯುತ್ತದೆ, ಬಳಸದೆ ಬಿಟ್ಟರೆ ಸಡಿಲವಾಗುತ್ತದೆ. ಮಂದವಾಗಿ, ನಿಧಾನವಾಗಿ ತಟ್ಟುತ್ತ ಹೋದರೆ ಸಂಧಿ ದುರ್ಬಲವಾಗುವುದನ್ನೂ ವಿಜ್ಞಾನಿಗಳು ಅಳೆದಿದ್ದಾರೆ.

ಆದರೆ ಈ ಹೋಲಿಕೆ ಅರ್ಧ ದಾರಿಗೆ ಮಾತ್ರ ಜೊತೆ ಬರುತ್ತದೆ. ನಾಲೆಯಲ್ಲಿ ಯಾವ ನೀರು ಹರಿದರೂ ಒಂದೇ. ನರಸಂಧಿ ಮಾತ್ರ ಬರಿಯ ಹರಿವಿಗೆ ಬಲಿಯುವುದಿಲ್ಲ. ಅದಕ್ಕೊಂದು ಷರತ್ತಿದೆ. ಇದೇ ನಮ್ಮ ಮಾತಿನ ತಿರುಳಾದುದರಿಂದ ತಾವು ಸ್ವಲ್ಪ ಗಮನವಿಟ್ಟು ಕೇಳಬೇಕು.

ತೆರಪನ್ನು ದಾಟಿಬರುವ ದ್ರವ್ಯದ ಹೆಸರು ಗ್ಲುಟಮೇಟ್. ಆಚೆ ದಡದ ಕೋಶದಲ್ಲಿ ಅದಕ್ಕಾಗಿ ಎರಡು ಬಗೆಯ ಬಾಗಿಲುಗಳಿವೆ. ಮೊದಲನೆಯದರ ಹೆಸರು ಆಂಪಾ. ಗ್ಲುಟಮೇಟ್ ಬಂದು ತಟ್ಟಿದೊಡನೆ ಅದು ತೆರೆದುಕೊಳ್ಳುತ್ತದೆ. ನಿತ್ಯದ ವಾರ್ತೆ ಸಾಗುವುದು ಈ ಬಾಗಿಲಿನಿಂದ. ಎರಡನೆಯದು ಎನ್‌ಎಂಡಿಎ ಬಾಗಿಲು. ಇದಕ್ಕೆ ಮೆಗ್ನೀಸಿಯಂ ಎಂಬ ಧಾತುವಿನ ಅಗುಳಿ ಹಾಕಿದೆ. ಹೊರಗಿನಿಂದ ಗ್ಲುಟಮೇಟ್ ತಟ್ಟಿದರಷ್ಟೇ ಸಾಲದು. ಅದೇ ಕ್ಷಣದಲ್ಲಿ ಒಳಗಿನ ಕೋಶವೂ ಎಚ್ಚೆತ್ತು ಉದ್ರೇಕಗೊಂಡಿರಬೇಕು. ಆಗ ಮಾತ್ರ ಅಗುಳಿ ಕಳಚಿಬೀಳುತ್ತದೆ, ಬಾಗಿಲು ತೆರೆಯುತ್ತದೆ, ಕ್ಯಾಲ್ಸಿಯಂ ಒಳನುಗ್ಗುತ್ತದೆ. ಆ ಕ್ಯಾಲ್ಸಿಯಂ ಕೋಶದೊಳಗಿನ ಕೆಲಸಗಾರರನ್ನು ಎಬ್ಬಿಸುತ್ತದೆ. ಅವರು ಆ ಸಂಧಿಯ ಬಳಿ ಮೊದಲ ಬಗೆಯ ಬಾಗಿಲುಗಳನ್ನು ಇನ್ನಷ್ಟು ತಂದು ನಿಲ್ಲಿಸುತ್ತಾರೆ. ಮುಂದಿನ ಸಲ ಅಷ್ಟೇ ಮೆಲ್ಲನೆ ಕರೆದರೂ ಉತ್ತರ ಜೋರಾಗಿ ಬರುತ್ತದೆ. ೧೯೮೬ರಲ್ಲಿ ರಿಚರ್ಡ್ ಮಾರಿಸ್ ಮತ್ತು ಅವರ ಸಂಗಡಿಗರು ಔಷಧದಿಂದ ಈ ಎರಡನೆಯ ಬಾಗಿಲನ್ನು ಮುಚ್ಚಿ ನೋಡಿದರು. ತೊಟ್ಟಿಯ ನೀರಿನಡಿ ಅಡಗಿದ್ದ ಮಣೆ ಎಲ್ಲಿದೆ ಎಂಬುದನ್ನು ಆ ಇಲಿಗಳು ಸರಿಯಾಗಿ ಕಲಿಯಲಾರದೆ ಹೋದವು.

ಎರಡು ಒಟ್ಟಿಗೆ ಬರಬೇಕು ಎಂಬ ಈ ಷರತ್ತಿನ ಅರ್ಥವನ್ನು ನಮ್ಮ ಅಡಿಗೆಮನೆಯಲ್ಲೇ ನೋಡಬಹುದು. ‘ಹುಣಸೆಹಣ್ಣು’ ಎಂದು ಕಾಗದದಲ್ಲಿ ಹತ್ತು ಸಲ ಬರೆಯಿಸಿದರೆ ಮಗುವಿಗೆ ಅದು ಬರಿಯ ಸದ್ದು. ಅಜ್ಜಿ ಸಾರಿಗೆ ಹುಣಸೆಹಣ್ಣು ಕಿವುಚುವಾಗ, “ಒಂದಿಷ್ಟು ಹುಣಸೆಹಣ್ಣು ತಾ ಮಗೂ” ಎಂದು ಕೇಳಿ, ಒಂದು ಚೂರು ಅದರ ನಾಲಗೆಯ ಮೇಲಿಟ್ಟರೆ, ಬಣ್ಣ, ಹುಳಿ, ಅಜ್ಜಿಯ ದನಿ, ಆ ಶಬ್ದ ಎಲ್ಲವೂ ಒಂದೇ ಕ್ಷಣದಲ್ಲಿ ಬಂದು ತಟ್ಟುತ್ತವೆ. ಬಲವಾಗಿ ತಟ್ಟಿದ್ದರ ಜೊತೆಗೆ ಬಂದ ಮೆಲ್ಲನೆಯದಕ್ಕೂ ಅಗುಳಿ ಕಳಚಿಕೊಡುತ್ತದೆ. ಆಮೇಲೆ ಹುಳಿಯ ನೆನಪು ಶಬ್ದವನ್ನೂ, ಶಬ್ದವು ಅಜ್ಜಿಯನ್ನೂ ಎಳೆದುತರುತ್ತದೆ. ಪಾಡಾದ ಮೈದಾನದಲ್ಲಿ ಬಂಗಾಳಿ ನೆಲೆನಿಂತದ್ದೂ ಹೀಗೆಯೇ: ಅಲ್ಲಿ ಪ್ರತಿ ಶಬ್ದದ ಜೊತೆಗೂ ಒಂದು ಚೆಂಡು, ಒಂದು ಜಗಳ, ಒಂದು ನಗು ಇತ್ತು. ನಮ್ಮ ರಾಜ್ಯೋತ್ಸವದ ಪದ್ಯದ ಜೊತೆಗೆ ವೇದಿಕೆಯ ಹೆದರಿಕೆ ಬಿಟ್ಟರೆ ಬೇರೇನೂ ಇರಲಿಲ್ಲ.

ಇನ್ನು ಎರಡನೆಯ ಸಂಗತಿ. ಹೀಗೆ ಬಲಿತ ಸಂಧಿ ತಾನಾಗಿ ಶಾಶ್ವತವಾಗುವುದಿಲ್ಲ. ಕೆಲವು ಗಂಟೆಗಳಾಚೆಗೆ ಅದು ಉಳಿಯಬೇಕಾದರೆ ಕೋಶವು ಹೊಸ ಪ್ರೋಟೀನುಗಳನ್ನು ತಯಾರಿಸಬೇಕು, ಸಂಧಿಯ ಕಟ್ಟಡವೇ ಬದಲಾಗಬೇಕು. ಇದಕ್ಕೆ ಸಮಯ ಬೇಕು. ಕಡಲಿನ ಬಸವನಹುಳುವಿನ ಜಾತಿಯ ಪ್ರಾಣಿಯೊಂದರಲ್ಲಿ ಎರಿಕ್ ಕ್ಯಾಂಡೆಲ್ ಇದನ್ನು ವಿಶದಪಡಿಸಿದರು. ಒಂದೇ ಸಲ ಕಲಿಸಿದ್ದು ಅದಕ್ಕೆ ನಿಮಿಷಗಳ ಮಟ್ಟಿಗೆ ನೆನಪಿರುತ್ತಿತ್ತು. ಅಂತರ ಕೊಟ್ಟು ಮತ್ತೆ ಮತ್ತೆ ಕಲಿಸಿದ್ದು ದಿನಗಟ್ಟಲೆ ಉಳಿಯುತ್ತಿತ್ತು, ಮತ್ತು ಹೊಸ ಸಂಧಿಗಳೇ ಮೂಡುತ್ತಿದ್ದವು. ಕ್ಯಾಂಡೆಲ್‌ಗೆ ೨೦೦೦ದಲ್ಲಿ ನೊಬೆಲ್ ಪಾರಿತೋಷಕದ ಪಾಲು ದೊರೆಯಿತು. ನಿದ್ದೆಗೂ ಇದರಲ್ಲಿ ಪಾತ್ರವಿದೆ. ಹಗಲು ಓಡಾಡುವಾಗ ಜೊತೆಜೊತೆಯಾಗಿ ಮಿಡಿದ ಇಲಿಯ ಹಿಪ್ಪೊಕ್ಯಾಂಪಸ್ ಕೋಶಗಳು, ಅನಂತರದ ನಿದ್ದೆಯಲ್ಲಿಯೂ ಜೊತೆಜೊತೆಯಾಗಿ ಮಿಡಿಯುತ್ತವೆಂದು ೧೯೯೪ರಲ್ಲಿ ವಿಲ್ಸನ್ ಮತ್ತು ಮೆಕ್‌ನಾಟನ್ ತೋರಿಸಿದರು. ಮಿದುಳು ರಾತ್ರಿ ತನ್ನ ಪಾಠವನ್ನು ತಾನೇ ಒಪ್ಪಿಸಿಕೊಳ್ಳುತ್ತದೆ ಎನ್ನಬಹುದು! ಹೀಗೆ ತಿಂಗಳು ವರ್ಷಗಳು ಕಳೆದಂತೆ ನೆನಪಿನ ಭಾರ ಹಿಪ್ಪೊಕ್ಯಾಂಪಸ್ಸಿನಿಂದ ಮಿದುಳಿನ ಹೊರಪದರಕ್ಕೆ ಮೆಲ್ಲಮೆಲ್ಲನೆ ಸಾಗುತ್ತದೆ. ಮೊಲೈಸನ್ನರ ಬಾಲ್ಯದ ನೆನಪುಗಳು ಉಳಿದದ್ದು ಇದರಿಂದಲೇ ಎಂದು ಬಹಳ ಮಂದಿ ವಿಜ್ಞಾನಿಗಳ ವಿವರಣೆ.

ನಮ್ಮ ಹಿರಿಯರು ಇದೊಂದನ್ನೂ ಓದಿದವರಲ್ಲ. ಆದರೂ ದಿನವೂ ದೀಪ ಹಚ್ಚುವ ಹೊತ್ತಿಗೆ ಮಕ್ಕಳನ್ನು ಕೂರಿಸಿ ಮಗ್ಗಿ, ವಾರ, ತಿಥಿ, ನಕ್ಷತ್ರ ಒಪ್ಪಿಸಿಕೊಳ್ಳುತ್ತಿದ್ದರು. ಒಂದು ದಿನಕ್ಕೆ ಅಷ್ಟಿಷ್ಟೇ. ಆದರೆ ಒಂದು ದಿನವೂ ತಪ್ಪಿಸುತ್ತಿರಲಿಲ್ಲ. ಹಾಡುತ್ತ ಹಾಡುತ್ತ ರಾಗ ಎಂಬ ಗಾದೆಯ ಒಳಗುಟ್ಟು ಇದೇ. ನಾವು ಮಾಡುತ್ತಿರುವುದು ಇದರ ತಿರುವುಮುರುವು: ಅಕ್ಟೋಬರಿನ ಕೊನೆಯ ಹದಿನೈದು ದಿನ ಧಾರಾಕಾರ ಮಳೆ, ಉಳಿದ ಹನ್ನೊಂದೂವರೆ ತಿಂಗಳು ಬರಗಾಲ.

ಮೂರನೆಯ ಸಂಗತಿಯನ್ನು ಹೇಳಲು ಬೆಂಗಳೂರಿಗೆ ಹೋಗಿಬರಬೇಕು. ಅಲ್ಲಿಯ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ೨೦೦೨ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಹಿಡಿದಿಟ್ಟು ಸತತವಾಗಿ ಕಳವಳಕ್ಕೆ ಗುರಿಮಾಡಿದಾಗ, ಹಿಪ್ಪೊಕ್ಯಾಂಪಸ್ಸಿನ ಒಂದು ಭಾಗದಲ್ಲಿ ಕೋಶಗಳ ಕವಲುಗಳು ಕುಗ್ಗಿದವು. ಭಯಕ್ಕೆ ಸಂಬಂಧಪಟ್ಟ ಅಮಿಗ್ಡಲಾ ಎಂಬ ನೆರೆಯ ಭಾಗದಲ್ಲಿ ಮಾತ್ರ ಕವಲುಗಳು ಬೆಳೆದವು. ಇಲಿಯ ಪ್ರಯೋಗವನ್ನು ನೇರವಾಗಿ ಮಗುವಿಗೆ ಅನ್ವಯಿಸಬಾರದು, ನಿಜ. ಆದರೂ ನೆಂಟರ ಮುಂದೆ ನಿಲ್ಲಿಸಿ, “ನೋಡಿ, ನಮ್ಮವನಿಗೆ ಕನ್ನಡವೇ ಬರೋದಿಲ್ಲ” ಎಂದು ನಕ್ಕು, ಅವನು ‘ಹ’ಕಾರ ‘ಅ’ಕಾರ ತಪ್ಪಿದರೆ ಗದರಿಸಿದರೆ, ಅವನಲ್ಲಿ ಬಲಿಯುವುದು ಕನ್ನಡದ ನೆನಪೋ ಕನ್ನಡದ ಭಯವೋ ಎಂದು ನಾವೇ ಕೇಳಿಕೊಳ್ಳಬೇಕು.

ಇಲ್ಲಿಯವರೆಗೆ ಮಕ್ಕಳ ಮಾತಾಯಿತು. ಹಿರಿಯರ ಮಾತು ಇದಕ್ಕಿಂತ ಗಂಭೀರವಾದುದು. ಮುಪ್ಪಿನಲ್ಲಿ ಬರುವ ಆಲ್ಜೈಮರ್ ಎಂಬ ಮರೆವಿನ ರೋಗ ಮೊದಮೊದಲು ಕೈಯಿಕ್ಕುವುದು ಹಿಪ್ಪೊಕ್ಯಾಂಪಸ್ಸಿಗೆ ಮತ್ತು ಅದರ ಹೆಬ್ಬಾಗಿಲಿಗೆ. ಆದ್ದರಿಂದ ಬೆಳಗ್ಗೆ ತಿಂದ ತಿಂಡಿ ಮರೆತುಹೋಗುತ್ತದೆ. ಐವತ್ತು ವರ್ಷದ ಹಿಂದೆ ಧಾರವಾಡದಲ್ಲೋ ಶಿವಮೊಗ್ಗೆಯಲ್ಲೋ ನಡೆದ ಮದುವೆಯ ಊಟ ನೆನಪಿರುತ್ತದೆ. ಕೆಲವರಲ್ಲಿ ಆಮೇಲೆ ಕಲಿತ ಭಾಷೆಗಳು ಸಡಿಲಗೊಂಡು ತಾಯಿನುಡಿ ಮಾತ್ರ ನಾಲಗೆಯಲ್ಲಿ ನಿಲ್ಲುವುದೂ ಉಂಟು. ಮಗನ ಕೆಲಸದ ದೆಸೆಯಿಂದ ಈ ಊರಿಗೆ ಬಂದು ಇಲ್ಲೇ ಮುಪ್ಪಾದ ತಾಯಂದಿರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಮುಂದೊಂದು ದಿನ ಅಂಥ ಅಜ್ಜಿ ಮಂಚದ ಮೇಲಿನಿಂದ ಕನ್ನಡದಲ್ಲಿ ನೀರು ಕೇಳಿದರೆ, ಮನೆಯಲ್ಲಿರುವ ಮೊಮ್ಮಗಳಿಗೆ ಅದು ತಿಳಿಯಬೇಡವೇ? ತಿಳಿದು ಅದೇ ಮಾತಿನಲ್ಲಿ ಉತ್ತರ ಕೊಡಲು ಬರಬೇಡವೇ? ಕನ್ನಡ ಉಳಿಯಬೇಕೆಂದು ನಾವು ಹೇಳುವುದು ವೇದಿಕೆಯ ಅಲಂಕಾರಕ್ಕಲ್ಲ, ಆ ಒಂದು ಲೋಟ ನೀರಿಗೆ.

ಹಾಗೆಂದು ಬಂಗಾಳಿಯನ್ನು ಹೊರಗಿಡಬೇಕೆಂದು ನಾವು ಹೇಳುತ್ತಿಲ್ಲ. ಅನ್ನ ಕೊಟ್ಟ ನಾಡಿನ ನುಡಿ ಅದು. ಮೇಲಾಗಿ ಎರಡು ನುಡಿ ಬಲ್ಲವರಿಗೆ ಲಾಭವೇ ಇರುವಂತೆ ಕಾಣುತ್ತದೆ. ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ ಮರೆವಿನ ರೋಗದ ೬೪೮ ಮಂದಿಯ ವಿವರಗಳನ್ನು ಪರಿಶೀಲಿಸಿ ೨೦೧೩ರಲ್ಲಿ ಪ್ರಕಟಿಸಿದರು. ಒಂದೇ ಭಾಷೆ ಬಲ್ಲವರಿಗಿಂತ ಎರಡು ಭಾಷೆ ಬಲ್ಲವರಲ್ಲಿ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು; ಓದುಬರಹ ತಿಳಿಯದವರಲ್ಲಿಯೂ ಈ ಅಂತರ ಇತ್ತು. ಇದರ ಬಗ್ಗೆ ವಿದ್ವಾಂಸರಲ್ಲಿ ಚರ್ಚೆ ಮುಗಿದಿಲ್ಲ. ಆದರೆ ಕನ್ನಡ ಕಲಿತರೆ ಮಗುವಿನ ಬಂಗಾಳಿ ಕೆಟ್ಟೀತು, ಇಂಗ್ಲಿಷ್ ಹಿಂದೆ ಬಿದ್ದೀತು ಎಂದು ಹೆದರಬೇಕಾಗಿಲ್ಲ.

ಕೊನೆಯದಾಗಿ, ಇಷ್ಟೆಲ್ಲ ಕೇಳಿ ನಾವು ಮಾಡಬೇಕಾದುದೇನು? ದೊಡ್ಡದೇನೂ ಅಲ್ಲ. ದಿನಕ್ಕೆ ಕಾಲು ಗಂಟೆ, ಆದರೆ ದಿನವೂ. ಪಾಠವೆಂದಲ್ಲ, ಊಟಕ್ಕೆ ಕುಳಿತಾಗ, ಲೇಕ್ ಮಾರ್ಕೆಟ್ಟಿನಲ್ಲಿ ಕರಿಬೇವು, ಕಾಫಿಪುಡಿ ಕೊಳ್ಳುವಾಗ, ವಸ್ತು ಕೈಯಲ್ಲಿರುವಾಗಲೇ ಅದರ ಹೆಸರು ಕಿವಿಗೆ ಬೀಳಲಿ. ಊರಿನ ಅಜ್ಜ ಅಜ್ಜಿಯರ ಜೊತೆ ಫೋನಿನಲ್ಲಿ ಮೊದಲು ಮಗುವೇ ಮಾತನಾಡಲಿ. ತಡವರಿಸಿದರೆ ಕಾಯೋಣ, ಬಾಯಿಗೆ ಶಬ್ದ ತುರುಕುವುದು ಬೇಡ. ತಾನಾಗಿ ತಡಕಿ ತೆಗೆದ ಶಬ್ದ ಹೆಚ್ಚು ಗಟ್ಟಿಯಾಗುತ್ತದೆ. ವಾರಕ್ಕೊಂದು ಅಕ್ಷರದಂತೆ ಕಲಿಸಿದರೂ ಒಂದು ವರ್ಷದಲ್ಲಿ ವರ್ಣಮಾಲೆ ಮುಗಿಯುತ್ತದೆ. ಬರುವ ನವೆಂಬರಿನಲ್ಲಿ ಪದ್ಯವನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಬಹುದು. ರಾತ್ರಿ ಮಲಗುವ ಮುನ್ನ ಒಂದು ಕಥೆ. ಉಳಿದದ್ದನ್ನು ನಿದ್ದೆ ನೋಡಿಕೊಳ್ಳುತ್ತದೆ. ತಪ್ಪಿದರೆ ತಿದ್ದೋಣ, ಆದರೆ ನಗುವುದು ಬೇಡ.

ಮಕ್ಕಳೇ, ನಿಮಗೂ ಒಂದು ಮಾತು. ಇವತ್ತು ಮನೆಗೆ ಹೋದಮೇಲೆ ನಿಮ್ಮ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ, ನಿಮಗೆ ಗೊತ್ತಿಲ್ಲದ ಒಂದು ಕನ್ನಡ ಶಬ್ದ ಕಲಿತುಕೊಳ್ಳಿ. ನಾಳೆ ಅದನ್ನು ಒಮ್ಮೆ ಬಳಸಿ, ಮೂರು ದಿನ ಬಿಟ್ಟು ಇನ್ನೊಮ್ಮೆ, ವಾರ ಬಿಟ್ಟು ಮತ್ತೊಮ್ಮೆ. ಅಷ್ಟರಲ್ಲಿ ನಿಮ್ಮ ತಲೆಯೊಳಗೆ ಅದಕ್ಕೆಂದು ಎಷ್ಟೋ ಹೊಸ ಬಾಗಿಲುಗಳು ನಿಂತಿರುತ್ತವೆ.